ನೀರಿನಂಚಿನ ಮನೆ

ದಿನಪತ್ರಿಕೆಗಳ ವಾರಾಂತ್ಯದ ಪುಟಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಬಗೆಯ ಜಾಹೀರಾತು ತಪ್ಪದೆ ಕಾಣಿಸಿಕೊಳ್ಳುತ್ತದೆ. ಹತ್ತು ಹದಿನೈದು ಅಂತಸ್ತಿನ ಒಂದು ಸೌಧ, ಅದರ ಮುಂದೆ ತಿಳಿನೀರು, ನೀರಿನಾಚೆ ಸಾಲುಮರ, ಮೇಲೆ ಹಾರುವ ಒಂದೆರಡು ಬೆಳ್ಳಕ್ಕಿ. ಪೇಟೆಯ ಗದ್ದಲಕ್ಕೆ ದೂರ, ಕಚೇರಿಗೆ ಹತ್ತಿರ, ಕಿಟಕಿ ತೆರೆದರೆ ಕೆರೆ. ಕೆರೆ ಕಾಣುವ ಮಗ್ಗುಲಿನ ಫ್ಲ್ಯಾಟಿಗೆ ಒಂದು ಬೆಲೆ, ರಸ್ತೆ ಕಾಣುವ ಮಗ್ಗುಲಿನದಕ್ಕೆ ಇನ್ನೊಂದು. ಸಂಸಾರಸ್ಥನು ಇಪ್ಪತ್ತು ವರ್ಷದ ಸಾಲಕ್ಕೆ ರುಜು ಹಾಕಿ, ಚದರಡಿಯ ಲೆಕ್ಕದಲ್ಲಿ ಆ ನೋಟವನ್ನೂ ಕೊಂಡುಕೊಳ್ಳುತ್ತಾನೆ. ಇದರಲ್ಲಿ ನಗುವಂಥದೇನೂ ಇಲ್ಲ. ನೀರಿನ ಸನ್ನಿಧಿಯಲ್ಲಿ ಬಾಳಬೇಕೆಂಬ ಆಸೆ ಮನುಷ್ಯನಷ್ಟೇ ಹಳೆಯದು.

ಆದರೆ ಕೊಳ್ಳುವಾತ ಸಾಮಾನ್ಯವಾಗಿ ಕೇಳದ ಪ್ರಶ್ನೆಯೊಂದಿದೆ. ಮನೆಯನ್ನು ಯಾರು ಕಟ್ಟಿದರೆಂದು ಕೇಳುತ್ತಾನೆ. ಕೆರೆಯನ್ನು ಯಾರು ಕಟ್ಟಿದರೆಂದು ಕೇಳುವುದಿಲ್ಲ. ಅದು ಆಕಾಶದ ಹಾಗೆ, ಬೆಟ್ಟದ ಹಾಗೆ, ಮೊದಲಿನಿಂದಲೂ ಅಲ್ಲಿಯೇ ಇದ್ದ ವಸ್ತುವೆಂದು ತಿಳಿದಿರುತ್ತಾನೆ. ಕಾಶ್ಮೀರದಲ್ಲಿಯೋ ಸ್ವಿಟ್ಜರ್ಲೆಂಡಿನಲ್ಲಿಯೋ ಹಾಗೆ ತಿಳಿದರೆ ತಪ್ಪಾಗದು. ಕನ್ನಡನಾಡಿನಲ್ಲಿ ತಾನಾಗಿ ಹುಟ್ಟಿದ ಸರೋವರ ಬಹು ಅಪರೂಪ. ನಮ್ಮಲ್ಲಿ ನೀರು ನಿಂತಿದೆಯೆಂದರೆ ಅದನ್ನು ಯಾರೋ ನಿಲ್ಲಿಸಿದ್ದಾರೆ. ನಿಲ್ಲಿಸುವುದಕ್ಕಾಗಿ ಯಾರೋ ಏನನ್ನೋ ತೆತ್ತಿದ್ದಾರೆ. ಆ ಲೆಕ್ಕವನ್ನು ಒಮ್ಮೆ ತೆರೆದು ನೋಡುವುದು ನೀರಿನಂಚಿನಲ್ಲಿ ಮನೆ ಕೊಳ್ಳಹೊರಟವರಿಗೂ, ಈಗಾಗಲೇ ಕೊಂಡು ಕುಳಿತವರಿಗೂ ಅಗತ್ಯವೆಂದು ತೋರುತ್ತದೆ. ಇದಕ್ಕೆ ಬೆಂಗಳೂರಿಗಿಂತ ಮೊದಲು ನಾವು ಸಾಗರ ತಾಲ್ಲೂಕಿನ ಬ್ಯಾಕೋಡಿನ ಕಡೆಗೆ ಹೋಗಬೇಕು. ಅಲ್ಲಿಯ ಜನ ನೀರಿನಂಚಿನ ಮನೆಯನ್ನು ಕೊಂಡವರಲ್ಲ. ನೀರೇ ಅವರಿದ್ದಲ್ಲಿಗೆ ಬಂದು ನಿಂತಿತು.

ಏರಿ, ತೂಬು, ಕೋಡಿ

ಅದಕ್ಕೂ ಮುಂಚೆ ಹಳೆಯವರ ರೀತಿ ಹೇಗಿತ್ತೆಂಬುದನ್ನು ಎರಡು ಮಾತಿನಲ್ಲಿ ನೋಡಬಹುದು. ನಮ್ಮ ಶಾಸನಗಳಲ್ಲಿ ದೇವಾಲಯದಷ್ಟೇ ಗೌರವದಿಂದ ಬರುವ ಹೆಸರು ಕೆರೆಯದು. ಅರಸರು ಕಟ್ಟಿಸಿದ ಕೆರೆಗಳುಂಟು. ಗೌಡರು, ಸೆಟ್ಟಿಗಳು, ಹೆಂಗಸರು ಕಟ್ಟಿಸಿದ ಕೆರೆಗಳೂ ಉಂಟು. ಕಟ್ಟಿದವನಿಗೆ, ಮುಂದೆ ಅದನ್ನು ಕಾಪಾಡಿಕೊಂಡು ಬರುವವನಿಗೆ ಕೆರೆಯ ಕೆಳಗೆ ಭೂಮಿ ಬಿಡುತ್ತಿದ್ದರು. ಕಟ್ಟುಕೊಡಗೆ ಎಂದು ಅದಕ್ಕೆ ಹೆಸರು. ಹೂಳೆತ್ತುವುದು ಊರಿನ ಕೆಲಸ. ತೂಬು ತೆರೆದು ಗದ್ದೆಗದ್ದೆಗೆ ನೀರು ಹಂಚುವುದು ನೀರುಗಂಟಿಯ ಕೆಲಸ. ಮಳೆಗಾಲದಲ್ಲಿ ರಾತ್ರಿ ಏರಿಯ ಮೇಲೆ ಲಾಂದ್ರ ಹಿಡಿದು ಓಡಾಡಿ ಬಿರುಕು ನೋಡುವವನೂ ಅವನೇ. ಕೆರೆಯೆಂಬುದು ಹೀಗೆ ಒಂದು ನೋಟವಾಗಿರಲಿಲ್ಲ, ಒಂದು ಏರ್ಪಾಡಾಗಿತ್ತು.

ಹಿರಿಯರು ಮನೆ ಕಟ್ಟಿಕೊಂಡದ್ದು ಎಲ್ಲಿ ಎಂಬುದನ್ನೂ ಗಮನಿಸಬೇಕು. ಊರು ಎತ್ತರದ ನೆಲದಲ್ಲಿ, ಕೆರೆ ತಗ್ಗಿನಲ್ಲಿ, ಹೆಚ್ಚಿನ ನೀರು ಹರಿದುಹೋಗುವ ಕೋಡಿಯ ದಾರಿ ಸದಾ ತೆರವು. ನೀರು ಇಳಿದಾಗ ಬರಿದಾಗುವ ಭಾಗಕ್ಕೆ ನಮ್ಮ ಭಾಷೆಯಲ್ಲಿ ಕೆರೆಯಂಗಳವೆಂಬ ಚೆಲುವಾದ ಮಾತಿದೆ. ಅಂಗಳ ಕೆರೆಯದು, ನಮ್ಮದಲ್ಲ. ಬೇಸಗೆಯಲ್ಲಿ ಅಲ್ಲಿ ದನ ಮೇಯಿಸಬಹುದು, ಗೋಡು ಎತ್ತಬಹುದು, ಮನೆ ಹಾಕುವಂತಿಲ್ಲ. ಒಂದು ವರ್ಷ ಬಾರದ ನೀರು ಮೂರನೆಯ ವರ್ಷ ಬಂದೇ ಬರುತ್ತದೆಂಬುದು ಅವರಿಗೆ ಗೊತ್ತಿತ್ತು.

ಬ್ಯಾಕೋಡಿನ ತಾಲ್ಲೂಕು ಕೇಂದ್ರವಾದ ಸಾಗರಪಟ್ಟಣವೇ ಇದಕ್ಕೆ ಸಾಕ್ಷಿ. ಕೆಳದಿಗೂ ಇಕ್ಕೇರಿಗೂ ನಡುವೆ ಕೆಳದಿಯ ಸದಾಶಿವನಾಯಕನು ಹದಿನಾರನೆಯ ಶತಮಾನದಲ್ಲಿ ಕಟ್ಟಿಸಿದ ಸದಾಶಿವಸಾಗರದಿಂದಲೇ ಊರಿಗೆ ಆ ಹೆಸರು ಬಂತೆಂದು ಪ್ರತೀತಿ. ಅದೇ ಇಂದಿನ ಗಣಪತಿ ಕೆರೆ. ಊರೇ ಕೆರೆಯ ಹೆಸರು ಹೊತ್ತು ನಿಂತಿದೆ. ಕೆರೆಗೆ ಊರಿನ ಹೆಸರನ್ನು ಇಡುವುದು ಸುಲಭ. ಊರಿಗೆ ಕೆರೆಯ ಹೆಸರು ಬರಬೇಕಾದರೆ ಅದರ ಋಣ ದೊಡ್ಡದಿರಬೇಕು.

ಹಾಗೆಂದು ಹಳೆಯ ಕೆರೆಗಳೆಲ್ಲ ಪುಣ್ಯದ ಕೆಲಸಗಳೇ ಆಗಿದ್ದವು, ಯಾರಿಗೂ ನೋವಾಗಲಿಲ್ಲ ಎಂದು ಹೇಳಬೇಕಾಗಿಲ್ಲ. ನೀರು ನಿಲ್ಲಬೇಕಾದರೆ ಮನೆಯ ಸೊಸೆಯನ್ನೇ ಬಲಿಗೊಟ್ಟ ಕಥೆಯನ್ನು ನಮ್ಮ ಜನಪದರು ಹಾಡಿಕೊಂಡು ಬಂದಿದ್ದಾರೆ. ಆ ಕಥೆ ನಡೆಯಿತೋ ಇಲ್ಲವೋ ಬೇರೆ ಮಾತು. ಕೆರೆಯ ನೀರಿನ ಕೆಳಗೆ ಯಾರದೋ ಬಾಳು ಇದೆಯೆಂಬ ಅರಿವು ಜನರ ಮನಸ್ಸಿನಲ್ಲಿ ಎಷ್ಟು ಆಳವಾಗಿತ್ತೆಂಬುದನ್ನು ಆ ಹಾಡು ತೋರಿಸುತ್ತದೆ.

ಶರಾವತಿಯ ಆಚೆಯ ದಡ

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ, ಸಾಗರ ತಾಲ್ಲೂಕುಗಳನ್ನು ಹಾದು, ಜೋಗದಲ್ಲಿ 830 ಅಡಿ ಧುಮುಕಿ, ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯ ದಾರಿ ಉದ್ದವಾದದ್ದೇನಲ್ಲ. ಸುಮಾರು ಎಂಬತ್ತು ಮೈಲಿ. ಈ ಸಣ್ಣ ಹೊಳೆಯ ಮೇಲೆ ಇಂಜಿನಿಯರುಗಳ ಕಣ್ಣು ಬಿದ್ದದ್ದು ಆ ಧುಮುಕಿನಿಂದಾಗಿ. ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. ಜೋಗದ ವಿದ್ಯುದಾಗಾರ 1948ರಲ್ಲಿ ಕೆಲಸ ಆರಂಭಿಸಿತು. ಮುಂದೆ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರು ಬಂತು. ಅಣೆಕಟ್ಟೆಯ ಸೈಫನ್ನುಗಳು ಆ ಕಾಲಕ್ಕೆ ಬೆರಗು ಹುಟ್ಟಿಸುವ ರಚನೆಗಳು. ಆದರೆ ನಾಡಿನ ವಿದ್ಯುಚ್ಛಕ್ತಿಯ ಹಸಿವಿಗೆ ಅದು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಮುಗಿಯಿತು. ಅದರ ನೀರು ಮೊದಲಿನ ಅಣೆಕಟ್ಟನ್ನೇ ನುಂಗಿತು. ಇಪ್ಪತ್ತು ವರ್ಷವೂ ತುಂಬದ ಕಟ್ಟಡವೊಂದು ಹೀಗೆ ಇತಿಹಾಸಕ್ಕೆ ಸೇರಿತು. ನೀರು ಬಹಳ ಇಳಿದ ಬೇಸಗೆಗಳಲ್ಲಿ ಅದರ ಸೈಫನ್ನುಗಳು ಇಂದಿಗೂ ತಲೆಯೆತ್ತುತ್ತವೆ. ಜನ ಹೋಗಿ ನೋಡಿ ಬರುತ್ತಾರೆ.

ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಹಿಡಿಸುವ ನೀರು ಸುಮಾರು 151 ಟಿ.ಎಂ.ಸಿ. ಹರಡಿಕೊಳ್ಳುವ ಜಾಗ ಸುಮಾರು 300 ಚದರ ಕಿಲೋಮೀಟರು. ಈ ಅಂಕಿಗಳನ್ನು ಶಾಲೆಯ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಅಂಕಿಯ ಕೆಳಗಿದ್ದದ್ದು ನೂರಕ್ಕೂ ಮಿಕ್ಕ ಹಳ್ಳಿಗಳು, ಸಾಗರ ಹೊಸನಗರ ತಾಲ್ಲೂಕುಗಳ ಅತ್ಯುತ್ತಮ ಕಣಿವೆಯ ಗದ್ದೆಗಳು, ತಲೆಮಾರುಗಳು ನೀರುಣಿಸಿ ಸಾಕಿದ ಅಡಕೆ ತೋಟಗಳು, ತೋಟಕ್ಕೆ ಗೊಬ್ಬರವೊದಗಿಸುವ ಸೊಪ್ಪಿನಬೆಟ್ಟಗಳು.

ಮಲೆನಾಡಿನ ಒಕ್ಕಲುತನವನ್ನು ಬಲ್ಲವರಿಗೆ ಈ ಕೊನೆಯ ಮಾತಿನ ಅರ್ಥ ಗೊತ್ತು. ಅಲ್ಲಿ ಮನೆಯೆಂದರೆ ನಾಲ್ಕು ಗೋಡೆಯಲ್ಲ. ಗದ್ದೆ ಕೆಳಗೆ, ತೋಟ ಅದರ ಮೇಲೆ, ಅಂಗಳ ಇನ್ನೂ ಮೇಲೆ, ಬೆಟ್ಟ ಎಲ್ಲಕ್ಕೂ ಮೇಲೆ. ಒಂದರ ನೀರು, ಇನ್ನೊಂದರ ಸೊಪ್ಪು, ಮತ್ತೊಂದರ ಹುಲ್ಲು ಸೇರಿ ಒಂದು ಸಂಸಾರ ನಡೆಯುತ್ತದೆ. ಬಾಗಿಲು, ಕಿಟಕಿ, ಹಂಚು, ಕಂಬಗಳನ್ನು ಕಳಚಿ ಲಾರಿಗೆ ಹೇರಬಹುದು. ಬೆಟ್ಟವನ್ನೂ ಬುಗ್ಗೆಯನ್ನೂ ಹೇರುವುದು ಹೇಗೆ? ಪರಿಹಾರದ ತಃಖ್ತೆಯಲ್ಲಿ ಮರಕ್ಕಿಷ್ಟು, ಎಕರೆಗಿಷ್ಟು ಎಂಬ ಅಂಕಣಗಳಿದ್ದವು. ಇವೆಲ್ಲ ಒಂದಕ್ಕೊಂದು ಹೊಂದಿಕೊಂಡಿದ್ದ ಬಾಳಿಗೆ ಅಂಕಣವಿರಲಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಕಠಿಣವಾದದ್ದು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು. ಗೇಣಿಯ ಭತ್ತವನ್ನು ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕೆಂಬ ಜಗಳದಿಂದ ಎದ್ದ ಆ ಚಳವಳಿಗೆ ರಾಮಮನೋಹರ ಲೋಹಿಯಾ ಅವರೇ ಬಂದು ದಸ್ತಗಿರಿಯಾದರು. ಉಳುವವನ ಮಾತು ನಾಡಿಗೆ ಕೇಳಿಸಿತು. ಆದರೆ ಪಹಣಿಯಲ್ಲಿ ಹೆಸರು ಮಾತ್ರ ಬಹುಪಾಲು ಒಡೆಯನದೇ ಉಳಿಯಿತು. ಹತ್ತು ಹನ್ನೆರಡು ವರ್ಷದಲ್ಲಿ ನೀರು ಬಂತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರಿಗೆ ಪರಿಹಾರವೆಂಬುದು ಕಾನೂನಿನ ನಡೆ. ಮೂರು ತಲೆಮಾರು ಉತ್ತವನ ಕೈಗೆ ಬಂದದ್ದು ಅಲ್ಪ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಉಳುವವನೇ ಹೊಲದೊಡೆಯನೆಂಬ ಕಾನೂನು ಜಾರಿಗೆ ಬಂತು. ಆ ವೇಳೆಗೆ ಶರಾವತಿ ಕಣಿವೆಯ ಗದ್ದೆಗಳು ಹತ್ತು ವರ್ಷದಿಂದ ನೀರಿನ ತಳದಲ್ಲಿದ್ದವು. ಅಲ್ಲಿ ಉಳುವವನಾರು?

ಎದ್ದುಹೋದ ಸಂಸಾರಗಳಲ್ಲಿ ಅನೇಕರನ್ನು ಶಿವಮೊಗ್ಗೆ ಜಿಲ್ಲೆಯ ಬೇರೆ ಬೇರೆ ಕಡೆ, ಕಾಡು ಕಡಿಸಿ ಕೂರಿಸಿದರು. ಜಮೀನು ಕೊಟ್ಟದ್ದು ಸರ್ಕಾರವೇ. ಆದರೆ ಕಾಗದದಲ್ಲಿ ಆ ಜಮೀನು ಅರಣ್ಯವಾಗಿಯೇ ಉಳಿಯಿತು. ಅರುವತ್ತು ವರ್ಷ ಕಳೆದ ಮೇಲೆಯೂ ಆ ಊರುಗಳಲ್ಲಿ ಹಕ್ಕುಪತ್ರದ ತಕರಾರು ಮುಗಿದಿಲ್ಲ. ಸರ್ಕಾರಗಳು ಆದೇಶ ಹೊರಡಿಸುತ್ತವೆ, ನ್ಯಾಯಾಲಯಗಳಲ್ಲಿ ಅವು ನಿಲ್ಲುವುದಿಲ್ಲ, ಪಾದಯಾತ್ರೆಗಳು ನಡೆಯುತ್ತವೆ. ಮೊಮ್ಮಕ್ಕಳು ಬ್ಯಾಂಕಿನಲ್ಲಿ ಸಾಲ ಕೇಳಹೋದರೆ ಅಜ್ಜ ಉತ್ತ ಭೂಮಿ ಅಜ್ಜನದಲ್ಲವೆಂಬ ಉತ್ತರ ಸಿಗುತ್ತದೆ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಈ ಸೀಮೆಯನ್ನು ಹತ್ತಿರದಿಂದ ಕಂಡ ಸಾಗರದ ನಾ. ಡಿಸೋಜ ಅವರು ‘ಮುಳುಗಡೆ’, ‘ದ್ವೀಪ’ ಮೊದಲಾದ ಕಾದಂಬರಿಗಳಲ್ಲಿ ಈ ಬಾಳನ್ನು ಬರೆದಿಟ್ಟರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ಚಲನಚಿತ್ರವಾಗಿಸಿದರು.

ಬ್ಯಾಕೋಡು, ತುಮರಿ ಮೊದಲಾದ ಹಳ್ಳಿಗಳಿಗೆ ಒದಗಿದ್ದು ಬೇರೆ ಬಗೆಯ ವಿಧಿ. ಅವು ಮುಳುಗಲಿಲ್ಲ, ಉಳಿದವು. ಆದರೆ ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಕೊಡಚಾದ್ರಿಯ ದಿಕ್ಕಿನ ಘಟ್ಟದ ಕಾಡು. ತಾಲ್ಲೂಕು ಕೇಂದ್ರ ನೀರಿನ ಆಚೆ. ಹಿಂದೆ ಹೊಳೆ ದಾಟಿದರೆ ಮುಗಿಯುತ್ತಿದ್ದ ದಾರಿಗೆ ಈಗ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಲಾಂಚ್ ಬೇಕಾಯಿತು. ತಪ್ಪಿದರೆ ಕಾರ್ಗಲ್ಲಿನ ಕಡೆಯಿಂದಲೋ ನಿಟ್ಟೂರಿನ ಕಡೆಯಿಂದಲೋ ಬಹುದೂರ ಸುತ್ತಬೇಕು. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಆ ದಿನದ ಲೋಕವ್ಯವಹಾರ ಮುಗಿಯಿತು. ರಾತ್ರಿ ಹೆರಿಗೆ ನೋವು ಬಂದ ಹೆಂಗಸು, ಹಾವು ಕಚ್ಚಿದ ಆಳು, ಎದೆನೋವಿನ ಮುದುಕ—ಇವರಿಗೆ ಆ ತಿಳಿನೀರು ನೋಟವಾಗಿ ಕಾಣಲಿಲ್ಲ. ಬೇಸಗೆಯಲ್ಲಿ ನೀರು ತೀರ ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು. ಇದಕ್ಕಿಂತ ಪ್ರಶಾಂತವಾದ ಸರೋವರದ ದಂಡೆ ಕರ್ನಾಟಕದಲ್ಲಿ ಇನ್ನೊಂದಿರಲಾರದು. ಆ ಪ್ರಶಾಂತತೆಯಿಂದ ಹೇಗಾದರೂ ಪಾರಾಗಬೇಕೆಂದು ಅಲ್ಲಿಯ ಜನ ಎರಡು ತಲೆಮಾರು ಅರ್ಜಿ ಬರೆದರು. 2025ರ ಜುಲೈ 14ರಂದು, ಅಣೆಕಟ್ಟು ಮುಗಿದ ಅರುವತ್ತೊಂದನೆಯ ವರ್ಷ, ಹಿನ್ನೀರಿಗೆ ಅಡ್ಡಲಾಗಿ ಸುಮಾರು ಎರಡೂವರೆ ಕಿಲೋಮೀಟರಿನ ಸೇತುವೆ ತೆರೆಯಿತು.

ಬೆಳಕು ಹೋದ ಊರು

ಲಿಂಗನಮಕ್ಕಿಯ ನೀರು ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸುತ್ತದೆ. ಒಟ್ಟು ಶಕ್ತಿ 1,035 ಮೆಗಾವಾಟ್. ಅದರ ತಂತಿ ಹೊರಟದ್ದು ಬೆಂಗಳೂರೇ ಮೊದಲಾದ ಪಟ್ಟಣಗಳ ಕಡೆಗೆ. ಹಿನ್ನೀರಿನ ಹಳ್ಳಿಗಳಲ್ಲಿ ಸೀಮೆಎಣ್ಣೆ ಬುಡ್ಡಿ ಬಹುಕಾಲ ಉರಿಯಿತು. ಬೆಂಗಳೂರಿನ ಕಾರ್ಖಾನೆಗಳು ಬೆಳೆದವು, ಬಡಾವಣೆಗಳು ಬೆಳೆದವು, ಲಿಫ್ಟ್ ಏರುವ ಮನೆಗಳು ಬಂದವು. ವಿದ್ಯುತ್ತಿಲ್ಲದೆ ಹದಿನೈದನೆಯ ಅಂತಸ್ತಿಗೆ ಜನರೂ ಹತ್ತಲಾರರು, ನೀರೂ ಹತ್ತಲಾರದು. ಕೆರೆ ಕಾಣುವಷ್ಟು ಎತ್ತರದಲ್ಲಿ ಮನೆಮಾಡಲು ಸಾಧ್ಯವಾದದ್ದು ಇಂಥ ದೂರದ ಸರೋವರಗಳಿಂದ. ಎಂದಮೇಲೆ ಅಲ್ಲಿಯ ಕಿಟಕಿಯಿಂದ ಕಾಣುವುದು ಒಂದು ಕೆರೆ. ಕಾಣದೆ ಇರುವುದು ಇನ್ನೊಂದು.

ಕಾಣುವ ಕೆರೆಯ ಚರಿತ್ರೆಯೇನು? ಬೆಂಗಳೂರು ಹೊಳೆಯಿಲ್ಲದ ಊರು. ದಿಬ್ಬದ ಮೇಲೆ ಕುಳಿತು, ಮೂರು ಕಣಿವೆಗಳಲ್ಲಿ ಇಳಿಯುವ ಮಳೆನೀರನ್ನು ಸರಪಳಿಯಂತೆ ಒಂದರ ಕೆಳಗೊಂದು ಕೆರೆ ಕಟ್ಟಿ ಹಿಡಿದುಕೊಂಡು ಬಾಳಿತು. ಧರ್ಮಾಂಬುಧಿ, ಕೆಂಪಾಂಬುಧಿ ಮೊದಲಾದ ಕೆರೆಗಳೊಡನೆ ಕೆಂಪೇಗೌಡರ ಹೆಸರು ಹೊಂದಿಕೊಂಡಿದೆ. ಧಾತು–ಈಶ್ವರ ಸಂವತ್ಸರಗಳ ಘೋರ ಬರದ ಬಳಿಕ, 1882ರಲ್ಲಿ, ಹಿಂದೆ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಕರ್ನಲ್ ಸ್ಯಾಂಕಿಯವರು ಕಟ್ಟಿಸಿದ ಕೆರೆ ಅವರ ಹೆಸರಿನಿಂದಲೇ ಉಳಿದಿದೆ. ಇಂದು ಮಲ್ಲೇಶ್ವರ, ಸದಾಶಿವನಗರಗಳ ನಡುವೆ ಬೆಳಗಿನ ವಾಯುಸಂಚಾರಕ್ಕೆ ಹೋಗುವವರು ಸುತ್ತುವುದು ಬರಗಾಲದ ಭಯದಿಂದ ಹುಟ್ಟಿದ ನೀರನ್ನು.

ಕೆರೆಗಳಿಗೆ ಕೇಡು ಬಂದದ್ದು ಬರದಿಂದಲ್ಲ, ನಲ್ಲಿಯಿಂದ. 1896ರಲ್ಲಿ ಹೆಸರಘಟ್ಟದ ನೀರು, 1933ರಲ್ಲಿ ತಿಪ್ಪಗೊಂಡನಹಳ್ಳಿಯ ನೀರು, 1974ರಲ್ಲಿ ಕಾವೇರಿಯ ನೀರು ಕೊಳವೆಯಲ್ಲಿ ಮನೆಬಾಗಿಲಿಗೆ ಬಂತು. ಬಂದದ್ದು ಒಳ್ಳೆಯದೇ, ಹೆಂಗಸರ ಸೊಂಟಕ್ಕೆ ಬಿಡುವು ಸಿಕ್ಕಿತು. ಆದರೆ ಕುಡಿಯುವ ನೀರು ಬೇರೆ ಕಡೆಯಿಂದ ಬಂದ ದಿನದಿಂದ ಊರಿನ ಕೆರೆ ಯಾರಿಗೂ ಬೇಡವಾಯಿತು. ಅಚ್ಚುಕಟ್ಟಿನ ಗದ್ದೆಗಳಲ್ಲಿ ಬಡಾವಣೆ ಎದ್ದಮೇಲೆ ತೂಬಿಗೆ ಕೆಲಸವಿಲ್ಲ, ನೀರುಗಂಟಿಗೆ ಸಂಬಳವಿಲ್ಲ. ಕಾಯುವವನಿಲ್ಲದ ಕೆರೆ ಬರೀ ತಗ್ಗು, ಸೊಳ್ಳೆಯ ತವರು, ಊರ ನಡುವೆ ಹಾಳುಬಿದ್ದ ಸರ್ಕಾರಿ ಜಾಗ. ಧರ್ಮಾಂಬುಧಿ ಮೈದಾನವಾಗಿ, ಆಮೇಲೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ವಿಧಿಗೆಂದು ಮೂಲೆಯಲ್ಲಿ ಒಂದು ಪುಟ್ಟ ಕೊಳ ಉಳಿಯಿತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಕೆರೆಗಳನ್ನು ಉಳಿಸುವ ಬಗೆ ಹೇಳಲು ಸರ್ಕಾರವೇ 1985ರಲ್ಲಿ ಎನ್. ಲಕ್ಷ್ಮಣರಾವ್ ಅವರ ಸಮಿತಿಯನ್ನು ನೇಮಿಸಿತು. ಜೀವಂತ ಕೆರೆಗಳನ್ನು ಒಡೆಯಬಾರದೆಂದು ಅದು ಹೇಳಿತು. ಹನ್ನೆರಡು ವರ್ಷದ ಮೇಲೆ, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಬಂದ ಆಟಗಾರರಿಗಾಗಿ, ಕೋರಮಂಗಲದ ಕೆರೆಯಂಗಳದಲ್ಲಿ ಅಪಾರ್ಟ್‌ಮೆಂಟುಗಳ ಒಂದು ಗ್ರಾಮವೇ ಎದ್ದಿತು. ಕೆರೆಯಂಗಳ ನಮ್ಮ ಅಂಗಳವಾಯಿತು.

ಅಪಾರ್ಟ್‌ಮೆಂಟೆಂಬ ಒಡೆತನದ ರೀತಿಯೂ ನಮಗೆ ಹೊಸತು. ನೆಲವಿಲ್ಲದೆ ಮನೆಯನ್ನು ಹೇಗೆ ಕೊಳ್ಳುವುದೆಂದು ಹಿಂದಿನವರು ಬೆರಗಾಗಬಹುದಿತ್ತು. ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ 1972ರದು. ಅದರ ಹುರುಳು ಇಷ್ಟೆ: ಗೋಡೆಯ ಒಳಗಿನದು ನಿಮ್ಮದು, ಮೆಟ್ಟಿಲು, ಮಾಳಿಗೆ, ನೆಲ, ಕೊಳವೆಗಳಲ್ಲಿ ಎಲ್ಲರಿಗೂ ಒಡೆಯಲಾಗದ ಪಾಲು. ಪಾಲಿದ್ದ ಮೇಲೆ ಪೋಷಣೆಯ ಹೊಣೆಯೂ ಉಂಟು. ಹಳೆಯ ಊರೊಟ್ಟಿನ ನೆನಪು ತರುವ ಏರ್ಪಾಡು ಇದು. ಕೊರತೆ ಒಂದೇ. ಪಾಲಿನ ಪಟ್ಟಿ ಕಾಂಪೌಂಡಿನ ಗೋಡೆಗೆ ನಿಲ್ಲುತ್ತದೆ. ಬೆಲೆಯಲ್ಲಿ ಸೇರಿದ ಕೆರೆ ಪಟ್ಟಿಯಲ್ಲಿಲ್ಲ.

ಅದರ ಫಲ ಏನಾಯಿತೆಂಬುದನ್ನು ಬೆಳ್ಳಂದೂರು ತೋರಿಸಿತು. ಸರಪಳಿಯ ಕೆಳತುದಿಯಲ್ಲಿರುವ ಆ ದೊಡ್ಡ ಕೆರೆಗೆ ಅರ್ಧ ಊರಿನ ಕೊಳಚೆ ಇಳಿದು ಬಂತು. 2015ರಲ್ಲಿ ನೊರೆ ರಸ್ತೆಗೆ ಹಾರಿತು, ನೊರೆಗೆ ಬೆಂಕಿಯೂ ಹತ್ತಿತು. 2018ರ ಜನವರಿಯಲ್ಲಿ ಕೆರೆಯಲ್ಲಿ ಹೊತ್ತಿದ ಬೆಂಕಿಯನ್ನು ಆರಿಸಲು ಸೈನಿಕರು ಬರಬೇಕಾಯಿತು. ಕೆರೆ ಕಾಣಲೆಂದು ಹೆಚ್ಚು ಹಣ ತೆತ್ತವರು ಕಿಟಕಿ ಮುಚ್ಚಿ ಕುಳಿತರು. ದಂಡೆಯಿಂದ ಎಷ್ಟು ದೂರ ಬಿಟ್ಟು ಕಟ್ಟಬೇಕೆಂಬ ವಾದವೂ ಎದ್ದಿತು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2016ರಲ್ಲಿ 75 ಮೀಟರ್ ಎಂದಿತು; ಸುಪ್ರೀಂ ಕೋರ್ಟು 2019ರ ಮಾರ್ಚಿಯಲ್ಲಿ ಅದನ್ನು ತಳ್ಳಿಹಾಕಿತು. ನ್ಯಾಯಾಲಯದ ಅಳತೆ ಹೇಗೇ ಇರಲಿ, ನೀರಿಗೆ ತನ್ನದೇ ಅಳತೆಯಿದೆ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಯಮಲೂರಿನ ಸುತ್ತಮುತ್ತ ಕೋಟಿಗಟ್ಟಲೆ ಬೆಲೆಯ ಮನೆಗಳ ಜನ ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಕುಳಿತು ಹೊರಗೆ ಬಂದರು. ಬ್ಯಾಕೋಡಿನವರ ಅರುವತ್ತು ವರ್ಷದ ಅನುಭವ ಅವರಿಗೆ ಎರಡು ದಿನ ದೊರಕಿತು.

ಕೊಳ್ಳುವ ಮುನ್ನ

ಹಾಗಾದರೆ ಕೆರೆಯ ಬದಿಯಲ್ಲಿ ಮನೆ ಕೊಳ್ಳಲೇ ಬಾರದೆ? ಹಾಗೆನ್ನುವುದು ಅತಿಯಾದೀತು. ಕೆರೆಯ ಮೇಲೆ ಕಣ್ಣಿಟ್ಟು ವಾಸಿಸುವ ಜನ ಇದ್ದರೆ ಕೆರೆಗೂ ಹಿತ. ಬೆಂಗಳೂರಿನಲ್ಲಿ ಈಗ ಉಳಿದಿರುವ ಎಷ್ಟೋ ಕೆರೆಗಳು ದಂಡೆಯ ನಿವಾಸಿಗಳು ಹಟ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದು, ನ್ಯಾಯಾಲಯದ ಮೆಟ್ಟಿಲು ಹತ್ತಿ ಉಳಿಸಿಕೊಂಡವು. ನೀರುಗಂಟಿಯ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಿರುವವರು ಅವರು.

ಆದರೆ ಕೊಳ್ಳುವವನು ಬ್ರೋಕರು ತೋರಿಸುವ ಕಾಗದಗಳ ಜೊತೆಗೆ ತೋರಿಸದ ಒಂದೆರಡನ್ನೂ ನೋಡುವುದು ಲೇಸು. ಕ್ರಯಪತ್ರ, ಖಾತೆ, ಋಣಭಾರ ಪ್ರಮಾಣಪತ್ರಗಳನ್ನು ವಕೀಲರು ನೋಡಿಯಾರು. ಹಳೆಯ ಗ್ರಾಮನಕ್ಷೆಯನ್ನು ತಾನೇ ನೋಡಬೇಕು. ಕೆರೆ ಎಷ್ಟು ಎಕರೆಯಿತ್ತು, ರಾಜಕಾಲುವೆ ಯಾವ ಸರ್ವೆ ನಂಬರುಗಳ ನಡುವೆ ಹರಿಯುತ್ತಿತ್ತು, ಕೋಡಿ ಯಾವ ಕಡೆಗಿತ್ತು ಎಂಬುದೆಲ್ಲ ಅದರಲ್ಲಿ ಗೆರೆಗೆರೆಯಾಗಿ ಕಾಣುತ್ತದೆ. ಖರಾಬು ಎಂದು ಬರೆದ ತುಂಡುಭೂಮಿಗಳನ್ನು ಕಂಡರೆ ಅವು ಏಕೆ ಖರಾಬಾದವೆಂದು ಕೇಳಬೇಕು. ಹೆಚ್ಚಿನ ಸಲ ಅದು ನೀರಿನ ದಾರಿ. ತಾನು ಕೊಳ್ಳುವ ಮನೆ ಏರಿಯ ಕೆಳಗಿದೆಯೋ ಅಂಗಳದೊಳಗಿದೆಯೋ ತಿಳಿಯಬೇಕು. ಮಳೆಗಾಲದಲ್ಲಿ ಒಮ್ಮೆ, ಬೇಸಗೆಯಲ್ಲಿ ಒಮ್ಮೆ ಹೋಗಿ ನಿಂತು ಮೂಗಿಗೆ ಕೆಲಸ ಕೊಡಬೇಕು. ಕೊನೆಗೆ, ಈ ಕಟ್ಟಡದ ಕೊಳಚೆ ಎಲ್ಲಿಗೆ ಹೋಗುತ್ತದೆಂದು ನೇರವಾಗಿ ಕೇಳಬೇಕು. ಕೆರೆಯನ್ನು ತೋರಿಸಿ ಮಾರುವವನು ಆ ಪ್ರಶ್ನೆಗೆ ಕೆರೆಯ ಕಡೆಗೇ ಕೈತೋರಿಸಿದರೆ ಅಲ್ಲಿಂದ ಎದ್ದು ಬರುವುದು ಒಳ್ಳೆಯದು.

ಇವು ವ್ಯವಹಾರದ ಮಾತು. ಇದರಾಚೆಗೆ ಒಂದು ನ್ಯಾಯದ ಮಾತೂ ಇದೆ. ಶರಾವತಿಯ ಕಣಿವೆಯಿಂದ ಎದ್ದುಹೋದವರು ನಾಡಿಗೆ ಒಂದು ಸರೋವರವನ್ನೇ ಕೊಟ್ಟರು, ಅವರ ಕೈಯಲ್ಲಿ ಇಂದಿಗೂ ಸರಿಯಾದ ಹಕ್ಕುಪತ್ರವಿಲ್ಲ. ಪಟ್ಟಣದಲ್ಲಿ ಫ್ಲ್ಯಾಟು ಕೊಂಡವನ ಕೈಯಲ್ಲಿ ಹಕ್ಕುಪತ್ರ ಭದ್ರವಾಗಿದೆ, ಕೆರೆ ಮಾತ್ರ ಕೈತಪ್ಪಿ ಹೋಗುತ್ತಿದೆ. ಇವೆರಡೂ ಬೇರೆ ಬೇರೆ ದುಃಖಗಳೆಂದು ತೋರಿದರೂ ಬೇರು ಒಂದೇ: ನೀರಿನಿಂದ ಬರುವ ಲಾಭವನ್ನು ಒಬ್ಬರು ಬರೆದುಕೊಳ್ಳುವುದು, ಅದರ ವೆಚ್ಚವನ್ನು ಯಾರ ಹೆಸರಿಗೂ ಬರೆಯದಿರುವುದು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿನ ಕುಡಿಯುವ ನೀರಿಗೆ ಒಯ್ಯುವ ಮಾತು ಹುಟ್ಟಿದಾಗ ಮಲೆನಾಡು ಸಿಡಿದೆದ್ದದ್ದು ಈ ಹಳೆಯ ಲೆಕ್ಕ ತೀರಿರಲಿಲ್ಲವಾದ್ದರಿಂದ. ಮೊದಲು ಗದ್ದೆ ಹೋಯಿತು, ಆಮೇಲೆ ಬೆಳಕು ಹೋಯಿತು, ಈಗ ನೀರೇ ಹೊರಟಿತೆ ಎಂದು ಅವರು ಕೇಳಿದರೆ, ತನ್ನ ಬಾಗಿಲಿನ ಕೆರೆಗಳನ್ನು ಬಸ್ ನಿಲ್ದಾಣ ಮಾಡಿಕೊಂಡ ಊರು ಏನು ಉತ್ತರ ಹೇಳೀತು?

ಸೇತುವೆ ಬಂದಮೇಲೆ ಬ್ಯಾಕೋಡಿನ ಮಕ್ಕಳು ಸಾಗರದ ಕಾಲೇಜಿಗೆ ಹೋಗಿ ಸಂಜೆಗೆ ಮನೆಗೆ ಮರಳಬಹುದು. ರೋಗಿಗೆ ನಡುರಾತ್ರಿಯಲ್ಲೂ ದಾರಿಯಿದೆ. ಅರುವತ್ತು ವರ್ಷ ತಡವಾದರೂ ಇದು ಶುಭವೇ. ಆದರೆ ಸೇತುವೆಗೆ ಎರಡು ತುದಿ. ಆಚೆಯವರು ಈಚೆಗೆ ಬಂದ ಹಾಗೆ, ಈಚೆಯ ಹಣ ಆಚೆಗೆ ಹೋಗುವುದು ಲೋಕದ ನಡೆ. ನೀರು ಕಾಣುವ ಜಮೀನನ್ನು ಹುಡುಕಿಕೊಂಡು ಪಟ್ಟಣದ ಕಾರು ಇಂದಲ್ಲ ನಾಳೆ ಕಳಸವಳ್ಳಿಯ ದಡ ಹತ್ತುತ್ತದೆ. ಆಗ ಮಾರುವವನು ಆ ನೋಟದ ಸೊಗಸನ್ನು ಬಣ್ಣಿಸುತ್ತಾನೆ. ಕೊಳ್ಳಬಂದವನು ಜಮೀನಿನ ಪಹಣಿ ಕೇಳಿದ ಬಳಿಕ, ಊರಿನ ಹಿರಿಯರೊಬ್ಬರನ್ನು ದಡಕ್ಕೆ ಕರೆದುಕೊಂಡು ಹೋಗಿ, ಈ ನೀರಿನ ಕೆಳಗೆ ಯಾವ ಊರಿತ್ತು, ಅಲ್ಲಿದ್ದವರು ಈಗ ಎಲ್ಲಿದ್ದಾರೆ ಎಂದು ಕೇಳಲಿ. ಅವರಿಗೆ ಹೆಸರುಗಳು ನೆನಪಿವೆ. ಆ ಹೆಸರುಗಳನ್ನು ಕೇಳಿಸಿಕೊಂಡ ಮೇಲೂ ಅಲ್ಲಿ ಮನೆ ಕಟ್ಟಬೇಕೆನಿಸಿದರೆ ಕಟ್ಟಲಿ. ಕೇಳಿಸಿಕೊಂಡವನು ದಡಕ್ಕೆ ಕೊಳಚೆ ಬಿಡಲಾರ, ಕೋಡಿಗೆ ಗೋಡೆ ಹಾಕಲಾರ.